ಕೆಟ್ಟರೂ ಮೀನು ಉಳಿಯಬೇಕು

ದೊಡ್ಡ ಅಕ್ವೇರಿಯಂ ಇಡಲು ಹೊರಟವರು ಅಂಗಡಿಗೆ ಹೋಗಿ ಮೊದಲು ಕೇಳುವುದು, ‘ಯಾವ ಕಂಪನಿ ಹೀಟರ್ ಚೆನ್ನಾಗಿದೆ?’ ಎಂದು. ಅಂಗಡಿಯವರು ಒಂದು ಹೆಸರು ಹೇಳುತ್ತಾರೆ, ಮೀನು ಸಾಕುವ ಗೆಳೆಯರು ಇನ್ನೊಂದು ಹೇಳುತ್ತಾರೆ, ಕೊನೆಗೆ ಜೇಬಿಗೆ ಒಪ್ಪುವ ಒಂದನ್ನು ತಂದು ನೀರಿಗಿಳಿಸಿ ನಿಶ್ಚಿಂತರಾಗುತ್ತೇವೆ. ಈ ಪ್ರಶ್ನೆಯಿಂದ ಶುರು ಮಾಡುವುದೇ ತಪ್ಪು ಎನ್ನುವುದು ನನ್ನ ವಾದ. ವರ್ಷಗಟ್ಟಲೆ ನೀರಿನಲ್ಲಿ ಮುಳುಗಿದ್ದು, ಹಗಲೂ ರಾತ್ರಿ ಕಾಯುತ್ತ ಆರುತ್ತ ಇರುವ ಯಾವ ಹೀಟರ್ ಆದರೂ ಒಂದಲ್ಲ ಒಂದು ದಿನ ಕೆಡುತ್ತದೆ. ಬೆಲೆ ಹೆಚ್ಚು ಕೊಟ್ಟರೆ ಆ ದಿನ ಸ್ವಲ್ಪ ಮುಂದಕ್ಕೆ ಹೋಗಬಹುದು, ಅಷ್ಟೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಹೀಟರ್ ಕೆಟ್ಟ ರಾತ್ರಿ ನನ್ನ ಮೀನುಗಳ ಗತಿ ಏನು? ಅಲ್ಲಿಂದ ಹೊರಟರೆ ಎಷ್ಟು ವ್ಯಾಟಿನದು ತರಬೇಕು, ಒಂದು ತರಬೇಕೋ ಎರಡೋ, ಕಂಟ್ರೋಲರ್ ಬೇಕೋ ಬೇಡವೋ, ಸೆನ್ಸರ್ ಎಲ್ಲಿ ಕೂರಿಸಬೇಕು ಎಂಬ ತೀರ್ಮಾನಗಳೆಲ್ಲ ಬೇರೆ ದಾರಿ ಹಿಡಿಯುತ್ತವೆ.

‘ನಮ್ಮ ಹವೆಗೆ ಹೀಟರ್ ಯಾಕೆ?’ ಎನ್ನುವವರೂ ಇದ್ದಾರೆ. ಮಂಗಳೂರು, ಉಡುಪಿಯ ಕಡೆ ಆ ಮಾತು ಬಹುಮಟ್ಟಿಗೆ ಸರಿ. ಅಲ್ಲಿ ಚಳಿಗಾಲದ ರಾತ್ರಿಯೂ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಜನವರಿಯ ರಾತ್ರಿಗಳಲ್ಲಿ ಕನಿಷ್ಠ ಉಷ್ಣತೆ ಸರಾಸರಿ 15–16 ಡಿಗ್ರಿಗೆ ಇಳಿಯುತ್ತದೆ. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದ ದಾಖಲೆಯೂ ಈ ಊರಿಗಿದೆ. ಬೀದರ್, ವಿಜಯಪುರದ ಕಡೆ ಡಿಸೆಂಬರ್‌ನ ನಸುಕು 10 ಡಿಗ್ರಿಯ ಹತ್ತಿರ ಬರುವುದು ಹೊಸದೇನಲ್ಲ. ಅಮೆಜಾನ್ ನದಿಯ ಬೆಚ್ಚನೆಯ ನೀರಿನಿಂದ ಬಂದ ಡಿಸ್ಕಸ್ ಮೀನಿಗೆ ಬೇಕಾದದ್ದು 28ರಿಂದ 30 ಡಿಗ್ರಿ. ಗೋಲ್ಡ್‌ಫಿಶ್‌ಗೆ ಹೀಟರ್ ಬೇಕಿಲ್ಲ. ಪಶ್ಚಿಮ ಘಟ್ಟದ ತಂಪು ತೊರೆಗಳಲ್ಲಿ ಹುಟ್ಟಿ ಬೆಳೆಯುವ ಮಿಸ್ ಕೇರಳ ಮೀನಿಗೂ ಬೇಕಿಲ್ಲ. ಅದಕ್ಕೆ ಬಿಸಿಯೇ ತೊಂದರೆ. ಊರಿನ ಹವೆಗೆ ಹೊಂದುವ ಮೀನು ಸಾಕುವುದೇ ಎಲ್ಲಕ್ಕಿಂತ ದೊಡ್ಡ ಭದ್ರತೆ ಎಂದು ನಾನು ನಂಬುತ್ತೇನೆ. ಆದರೆ ಡಿಸ್ಕಸ್ಸನ್ನೇ ಸಾಕುತ್ತೇವೆಂದು ತಂದ ಮೇಲೆ ಅದನ್ನು ಬೆಚ್ಚಗಿಡುವ ಹೊಣೆ ಪೂರ್ತಿ ನಮ್ಮದು. ಮುಂದಿನ ಮಾತೆಲ್ಲ ಅಂಥ ಒಂದು ಟ್ಯಾಂಕನ್ನು ಎದುರಿಗಿಟ್ಟುಕೊಂಡು ಹೇಳುತ್ತೇನೆ: ಐದು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಮರಳು ಕಲ್ಲು ಕಳೆದು ಸುಮಾರು 500 ಲೀಟರ್ ನೀರು, 28 ಡಿಗ್ರಿ ಬಿಸಿ, ಸುತ್ತಲಿನ ಕೋಣೆ ರಾತ್ರಿಯಲ್ಲಿ 18 ಡಿಗ್ರಿ.

ಹೀಟರ್ ಹೇಗೆ ಕೆಡುತ್ತದೆ ಎಂದು ತಿಳಿಯಲು ಅದರ ಒಳಗೊಮ್ಮೆ ನೋಡಬೇಕು. ಸಾಮಾನ್ಯ ಗಾಜಿನ ಹೀಟರಿನ ಕೆಳಭಾಗದಲ್ಲಿ ಕಾಯುವ ತಂತಿ, ತಲೆಯ ಭಾಗದಲ್ಲಿ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಎಂದರೆ ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಸಣ್ಣ ಪಟ್ಟಿ. ಜಾನ್ ಹ್ಯಾರಿಸನ್ 18ನೇ ಶತಮಾನದಲ್ಲಿ ತನ್ನ ಕಡಲ ಗಡಿಯಾರಕ್ಕೆಂದು ರೂಪಿಸಿದ ಉಪಾಯ ಇದು. ಇಂದಿಗೂ ನಮ್ಮ ಇಸ್ತ್ರಿಪೆಟ್ಟಿಗೆಯಿಂದ ಹಿಡಿದು ಮೀನಿನ ತೊಟ್ಟಿಯವರೆಗೆ ಅದೇ ದುಡಿಯುತ್ತಿದೆ. ಬಿಸಿಯಾದಾಗ ಪಟ್ಟಿ ಬಾಗುತ್ತದೆ, ತುದಿಯ ಪಾಯಿಂಟು ಬಿಟ್ಟುಕೊಳ್ಳುತ್ತದೆ, ಕರೆಂಟು ನಿಲ್ಲುತ್ತದೆ. ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಕೂಡುವಾಗ, ಬಿಡುವಾಗ ಪ್ರತಿಸಲವೂ ಪಾಯಿಂಟುಗಳ ನಡುವೆ ಒಂದು ಪುಟ್ಟ ಕಿಡಿ ಹಾರುತ್ತದೆ. ಆ ಕಿಡಿಗೆ ಲೋಹ ಚೂರು ಚೂರೇ ಕರಗಿ ಗುಳಿ ಬೀಳುತ್ತದೆ, ಕರಿ ಕಟ್ಟುತ್ತದೆ. ಕರಿ ಹೆಚ್ಚಾದರೆ ಪಾಯಿಂಟು ಕೂಡಿದರೂ ಕರೆಂಟು ಹರಿಯದು, ಹೀಟರ್ ಸತ್ತಂತೆ. ಕರಗಿದ ಲೋಹ ಒಂದಕ್ಕೊಂದು ಬೆಸೆದುಕೊಂಡರೆ ಪಟ್ಟಿ ಎಷ್ಟು ಎಳೆದರೂ ಬಿಟ್ಟುಕೊಳ್ಳದು. ಹೀಟರ್ ಆರುವುದೇ ಇಲ್ಲ. ಅಕ್ವೇರಿಯಂ ಇಟ್ಟವರು ನಿದ್ದೆಯಲ್ಲೂ ಹೆದರಬೇಕಾದದ್ದು ಈ ಎರಡನೆಯ ಬಗೆಗೆ.

ಒಳ್ಳೆಯ ಕಂಪನಿಯದಾದರೆ ಹೀಗಾಗದು ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. 2011ರಲ್ಲಿ ಅಮೆರಿಕದಲ್ಲಿ ಮರೀನ್‌ಲ್ಯಾಂಡ್ ಎಂಬ ಪ್ರಸಿದ್ಧ ಹೆಸರಿನ ‘ಸ್ಟೆಲ್ತ್’ ಹೀಟರ್‌ಗಳನ್ನು, ಸುಮಾರು 12 ಲಕ್ಷದಷ್ಟನ್ನು, ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು. ವೈರಿಂಗ್ ದೋಷದಿಂದ ಅವು ಮಿತಿಮೀರಿ ಕಾದು ಒಡೆಯಬಹುದು, ಬೆಂಕಿಗೂ ಕಾರಣವಾಗಬಹುದು ಎಂಬುದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಕೊಟ್ಟ ಎಚ್ಚರಿಕೆ. ಹೆಸರು ನೋಡಿ ಕೊಂಡವರೆಲ್ಲ ಅಜಾಗರೂಕರೇನೂ ಆಗಿರಲಿಲ್ಲ. ಹೆಸರಿನ ಮೇಲೆ ಇಡುವ ನಂಬಿಕೆಗೆ ಒಂದು ಮಿತಿಯಿದೆ ಎಂಬುದಷ್ಟೇ ಇದರಿಂದ ಕಲಿಯಬೇಕಾದದ್ದು.

ಆರದ ಹೀಟರ್, ಕಾಯದ ಹೀಟರ್ ಎರಡೂ ಕೆಟ್ಟವೇ, ಆದರೆ ಸಮಾನವಾಗಿ ಕೆಟ್ಟವಲ್ಲ. ನಮ್ಮ 500 ಲೀಟರ್ ಟ್ಯಾಂಕಿನಲ್ಲಿ ಹೀಟರ್ ಸತ್ತರೆ ನೀರು ಗಂಟೆಗೆ ಅರ್ಧ ಡಿಗ್ರಿಗಿಂತಲೂ ಕಡಿಮೆ ಇಳಿಯುತ್ತದೆ. ಮೀನು ಮಂಕಾಗುತ್ತದೆ, ಮೇವು ಬಿಡುತ್ತದೆ, ಬಹಳ ದಿನ ಹಾಗೇ ಬಿಟ್ಟರೆ ಮೈಮೇಲೆ ಬಿಳಿ ಚುಕ್ಕೆ ರೋಗ ಏಳುತ್ತದೆ. ಇವೆಲ್ಲ ಕಣ್ಣಿಗೆ ಬೀಳುವ ಲಕ್ಷಣಗಳು; ಸರಿಪಡಿಸಲು ಸಮಯವಿರುತ್ತದೆ. ಬಿಸಿ ಏರಿದರೆ ಹಾಗಲ್ಲ. ಮೀನು ಶೀತರಕ್ತದ ಜೀವಿ. ನೀರು 10 ಡಿಗ್ರಿ ಏರಿದರೆ ಅದರ ದೇಹದ ವ್ಯಾಪಾರ ಸುಮಾರು ಎರಡರಷ್ಟಾಗುತ್ತದೆ, ಉಸಿರಿಗೆ ಬೇಕಾದ ಆಮ್ಲಜನಕವೂ ಅಷ್ಟೇ ಹೆಚ್ಚುತ್ತದೆ. ಅದೇ ಹೊತ್ತಿಗೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರಮಟ್ಟದಲ್ಲಿ 25 ಡಿಗ್ರಿಗೆ ಲೀಟರಿಗೆ 8.3 ಮಿಲಿಗ್ರಾಂ ಕರಗಬಲ್ಲದಾದರೆ 35 ಡಿಗ್ರಿಗೆ 7 ಮಾತ್ರ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ ಇರುವುದರಿಂದ ಇದರಲ್ಲೂ ಸುಮಾರು ಹತ್ತನೆಯ ಒಂದು ಪಾಲು ಕೈಬಿಡುತ್ತದೆ. ಬೇಡಿಕೆ ಏರುತ್ತಿದ್ದಂತೆ ಪೂರೈಕೆ ಇಳಿಯುವ ಈ ಇಕ್ಕಟ್ಟಿನಲ್ಲಿ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದರೆ ನಮಗುಳಿದಿರುವುದು ಸ್ವಲ್ಪವೇ ಸಮಯ. ಆದ್ದರಿಂದ ಈ ಇಡೀ ವ್ಯವಸ್ಥೆಯ ಮೂಲಸೂತ್ರ ನನ್ನ ಮಟ್ಟಿಗೆ ಇದು: ಏನು ಕೆಟ್ಟರೂ ಅದು ತಣ್ಣಗಿನ ಕಡೆಗೆ ಕೆಡಲಿ, ಮತ್ತು ನಿಧಾನವಾಗಿ ಕೆಡಲಿ.

ನಿಧಾನದ ಮಾತು ನೇರವಾಗಿ ವ್ಯಾಟಿನ ಲೆಕ್ಕಕ್ಕೆ ಬರುತ್ತದೆ. 500 ಲೀಟರ್ ನೀರನ್ನು 1 ಡಿಗ್ರಿ ಏರಿಸಲು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು 580 ವ್ಯಾಟ್-ಗಂಟೆ ಬೇಕು. ‘ದೊಡ್ಡ ಟ್ಯಾಂಕು, ದೊಡ್ಡದೇ ಇರಲಿ’ ಎಂದು 1000 ವ್ಯಾಟಿನ ಒಂದೇ ಹೀಟರ್ ಹಾಕಿದ್ದೀರಿ, ಅದು ರಾತ್ರಿ ಹತ್ತಕ್ಕೆ ಆರದೆ ನಿಂತಿತು ಎಂದುಕೊಳ್ಳಿ. ಗಾಜಿನಿಂದ ಹೊರಗೆ ಸೋರುವ ಬಿಸಿಯನ್ನು ಕಳೆದರೂ ಬೆಳಗಿನ ಆರಕ್ಕೆ ನೀರು 35 ಡಿಗ್ರಿ ದಾಟಿರುತ್ತದೆ. ಮನೆಯವರು ಎದ್ದು ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅದೇ ಜಾಗದಲ್ಲಿ 250 ವ್ಯಾಟಿನ ಎರಡು ಹೀಟರ್ ಇದ್ದು, ಒಂದು ಆರದೆ ನಿಂತರೆ? ಚಳಿಯ ರಾತ್ರಿ ಆ ಟ್ಯಾಂಕು ಕಳೆದುಕೊಳ್ಳುವ ಬಿಸಿಯೇ ಸುಮಾರು 250 ವ್ಯಾಟಿನಷ್ಟು. ಆರದ ಹೀಟರ್ ಒಂದೇ ದುಡಿಯುತ್ತ ನೀರನ್ನು 28ರ ಹತ್ತಿರವೇ ಹಿಡಿದಿಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಮರುದಿನ ಕೋಣೆ 27 ಡಿಗ್ರಿಗೆ ಕಾದರೂ ಸಂಜೆಯ ಹೊತ್ತಿಗೆ ನೀರು 31ರ ಆಸುಪಾಸು. ಡಿಸ್ಕಸ್ ಅಷ್ಟನ್ನು ತಡೆದುಕೊಳ್ಳುತ್ತದೆ. ನಮಗೆ ಒಂದು ಇಡೀ ಹಗಲು ಸಿಕ್ಕಿತು. ಎರಡರಲ್ಲಿ ಒಂದು ಸತ್ತರೂ ಉಳಿದದ್ದು ನೀರು ತೀರಾ ತಣಿಯದಂತೆ ನೋಡಿಕೊಳ್ಳುತ್ತದೆ. ಹೀಗೆ ಒಂದೇ ಏರ್ಪಾಟು ಎರಡೂ ಬಗೆಯ ಕೇಡಿನಿಂದ ಕಾಯುತ್ತದೆ. ದೊಡ್ಡ ಟ್ಯಾಂಕಿಗೆ ಒಂದೇ ದೊಡ್ಡ ಹೀಟರ್ ಹಾಕಬಾರದು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಅಂಗಡಿಗಳಲ್ಲಿ ಹೇಳುವ ‘ಲೀಟರಿಗೆ ಒಂದು ವ್ಯಾಟ್’ ಎಂಬ ಲೆಕ್ಕ ಎರಡಡಿಯ ಟ್ಯಾಂಕಿಗೆ ಸರಿ, ದೊಡ್ಡದಕ್ಕೆ ಸರಿಯಲ್ಲ. ಬಿಸಿ ಸೋರುವುದು ಮೇಲ್ಮೈಯಿಂದ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಹೋಲಿಸಿದರೆ ನಮ್ಮ ಐದಡಿಯ ಟ್ಯಾಂಕಿನಲ್ಲಿ ಲೀಟರಿಗೆ ಬರುವ ಗಾಜು ಅರ್ಧಕ್ಕಿಂತ ಕಡಿಮೆ. ಮುಚ್ಚಳವಿಲ್ಲದಿದ್ದರೆ ಆವಿಯಾಗಿ ಹೋಗುವ ಬಿಸಿ ಬೇರೆ ಸೇರುತ್ತದೆ. ಪುಸ್ತಕದ ಲೆಕ್ಕ ನಂಬುವುದಕ್ಕಿಂತ ಟ್ಯಾಂಕನ್ನೇ ಕೇಳುವುದು ಒಳ್ಳೆಯದು. ಒಂದು ಚಳಿಯ ರಾತ್ರಿ ಹೀಟರ್ ಆರಿಸಿ, ಪಂಪು ಓಡುತ್ತಿರಲಿ, ಎರಡು ಗಂಟೆ ಬಿಟ್ಟು ನೀರು ಎಷ್ಟು ಇಳಿದಿದೆ ನೋಡಿ. ನೀರಿನ ಲೀಟರನ್ನು ಗಂಟೆಗೆ ಇಳಿದ ಡಿಗ್ರಿಯಿಂದ ಗುಣಿಸಿ, ಅದನ್ನು ಮತ್ತೆ 1.16ರಿಂದ ಗುಣಿಸಿದರೆ ಟ್ಯಾಂಕು ಕಳೆದುಕೊಳ್ಳುತ್ತಿರುವ ವ್ಯಾಟ್ ಸಿಗುತ್ತದೆ. 500 ಲೀಟರ್ ಗಂಟೆಗೆ 0.5 ಡಿಗ್ರಿ ಇಳಿದರೆ 290 ವ್ಯಾಟ್. ಅಷ್ಟನ್ನು ಒಂದೇ ಹೀಟರ್ ಹೆಚ್ಚೂ ಕಡಿಮೆ ನಿಭಾಯಿಸುವಂತಿರಬೇಕು, ಅಂಥವು ಎರಡಿರಬೇಕು. ಅದಕ್ಕಿಂತ ದೊಡ್ಡದು ತಂದರೆ ನೀರು ಬೇಗ ಕಾಯುತ್ತದೆ ಎಂಬ ಒಂದೇ ಲಾಭ; ಬೇಗ ಕಾಯಬೇಕಾದ ಅಗತ್ಯ ದಿನನಿತ್ಯ ಇರುವುದೇ ಇಲ್ಲ.

ಇನ್ನು ಕಂಟ್ರೋಲರ್. ಟ್ಯಾಂಕಿನ ಹೊರಗೆ ಗೋಡೆಯ ಮೇಲೆ ಕೂರುವ ಸಣ್ಣ ಪೆಟ್ಟಿಗೆ. ಅದರಿಂದ ಒಂದು ಸೆನ್ಸರ್ ನೀರಿಗಿಳಿದಿರುತ್ತದೆ. ಹೀಟರಿಗೆ ಹೋಗುವ ಕರೆಂಟನ್ನು ಪೆಟ್ಟಿಗೆಯೊಳಗಿನ ರಿಲೇ ಕೊಡುತ್ತದೆ, ಕಡಿಯುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಎಲ್ಲೆಲ್ಲೂ ಸಿಗುವ ಎಸ್‌ಟಿಸಿ-1000 ಮಾದರಿ, ಪ್ಲಗ್ ಸಮೇತ ಬರುವ ಇಂಕ್‌ಬರ್ಡ್ ಮಾದರಿಗಳು, ಕೋಲ್ಡ್ ಸ್ಟೋರೇಜಿಗೆಂದು ದೇಶದಲ್ಲೇ ತಯಾರಾಗುವ ಪ್ಯಾನೆಲ್ ಕಂಟ್ರೋಲರ್‌ಗಳು ಎಲ್ಲವೂ ಮಾಡುವ ಕೆಲಸ ಇದೇ. ಹಲವರು ಕಂಟ್ರೋಲರ್ ತಂದ ಮೇಲೆ ಹೀಟರಿನ ಸ್ವಂತ ಥರ್ಮೋಸ್ಟಾಟನ್ನು ಗರಿಷ್ಠಕ್ಕೆ ತಿರುಗಿಸಿಬಿಡುತ್ತಾರೆ, ‘ಇನ್ನೇನು, ಕಂಟ್ರೋಲರ್ ನೋಡಿಕೊಳ್ಳುತ್ತದೆ’ ಎಂದು. ಇದರಿಂದ ಕಂಟ್ರೋಲರ್ ತಂದ ಪ್ರಯೋಜನವೇ ಹೋಗುತ್ತದೆ. ಅದರ ರಿಲೇಯೊಳಗೂ ಇರುವುದು ಅದೇ ಬಗೆಯ ಪಾಯಿಂಟು; ಅದೂ ಒಂದು ದಿನ ಬೆಸೆದುಕೊಳ್ಳಬಹುದು. ನೀರು 28 ಡಿಗ್ರಿ ಬೇಕಿದ್ದರೆ ಕಂಟ್ರೋಲರನ್ನು 28ಕ್ಕೆ, ಹೀಟರಿನ ಥರ್ಮೋಸ್ಟಾಟನ್ನು 29.5ಕ್ಕೆ ಇಡಬೇಕು. ಆಗ ದಿನನಿತ್ಯ ಆರಿಸಿ ಹೊತ್ತಿಸುವ ದುಡಿಮೆ ಕಂಟ್ರೋಲರಿನದು. ಹೀಟರಿನ ಪಾಯಿಂಟು ಕೂಡಿಕೊಂಡೇ ಇರುತ್ತದೆ, ಸವೆಯುವುದಿಲ್ಲ. ಕಂಟ್ರೋಲರ್ ಕೈಕೊಟ್ಟ ದಿನ ನೀರು 29.5ಕ್ಕೆ ಏರಿದಾಗ ಹೀಟರ್ ತಾನೇ ಕಡಿಯುತ್ತದೆ. ಒಂದೇ ಬಾಗಿಲಿಗೆ ಎರಡು ಚಿಲಕ ಹಾಕಿದ ಹಾಗೆ ಇದು. ಎರಡೂ ಒಟ್ಟಿಗೆ ಮುರಿದರೆ ಮಾತ್ರ ಅಪಾಯ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಗಂಭೀರವಾದದ್ದು. ಯಂತ್ರದ ಭಾಗಗಳು ಹೆಚ್ಚಿದಷ್ಟೂ ಕೆಡುವ ಸಂಭವವೂ ಹೆಚ್ಚುತ್ತದಲ್ಲವೇ? ಹೌದು, ಹೆಚ್ಚುತ್ತದೆ. ಕಂಟ್ರೋಲರ್ ಸೇರಿಸಿದ ಮೇಲೆ ಹೀಟರ್ ಕಾಯದೆ ಇರಲು ಒಂದು ಕಾರಣ ಜಾಸ್ತಿಯಾಯಿತು: ರಿಲೇ ಸತ್ತರೂ ನೀರು ತಣ್ಣಗಾಗುತ್ತದೆ, ಅದರ ಅಡಾಪ್ಟರ್ ಸುಟ್ಟರೂ ತಣ್ಣಗಾಗುತ್ತದೆ. ಆದರೆ ನಾವು ಕೊಂಡದ್ದು ಅದನ್ನೇ. ಕುದಿಯುವ ಅಪಾಯವನ್ನು ಬಹಳಷ್ಟು ಇಳಿಸಿ, ಬದಲಿಗೆ ತಣಿಯುವ ಅಪಾಯವನ್ನು ಸ್ವಲ್ಪ ಏರಿಸಿಕೊಂಡಿದ್ದೇವೆ. ತಣಿಯುವುದಕ್ಕೆ ಎರಡನೆಯ ಹೀಟರ್ ಇದೆ, ಅದಕ್ಕೊಂದು ಬೇರೆಯದೇ ಕಂಟ್ರೋಲರ್ ಇದ್ದರೆ ಇನ್ನೂ ಒಳ್ಳೆಯದು. ಎರಡು ಹೀಟರನ್ನೂ ಒಂದೇ ಕಂಟ್ರೋಲರಿಗೆ ಸಿಕ್ಕಿಸಿದರೆ ಆ ಪೆಟ್ಟಿಗೆ ಸತ್ತ ದಿನ ಎರಡೂ ಸಾಯುತ್ತವೆ.

ಎರಡು ಚಿಲಕದ ಭರವಸೆಗೆ ಇನ್ನೊಂದು ಷರತ್ತಿದೆ. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಕಾವಲಿಗೆಂದು ಇಟ್ಟ ಎರಡನೆಯ ಥರ್ಮೋಸ್ಟಾಟಿಗೆ ಪ್ರತಿದಿನ ಕೆಲಸವಿಲ್ಲ. ಕೆಲಸವಿಲ್ಲದ್ದು ಕೆಟ್ಟರೆ ಗೊತ್ತಾಗುವುದೂ ಇಲ್ಲ. ಹೀಟರಿನ ಪಾಯಿಂಟು ಮೂರು ತಿಂಗಳ ಹಿಂದೆಯೇ ಬೆಸೆದುಕೊಂಡಿರಬಹುದು. ಕಂಟ್ರೋಲರ್ ಸರಿಯಾಗಿ ದುಡಿಯುತ್ತಿರುವುದರಿಂದ ನೀರು 28ರಲ್ಲೇ ಇರುತ್ತದೆ, ನಾವು ಎರಡು ರಕ್ಷಣೆ ಇದೆ ಎಂದು ನೆಮ್ಮದಿಯಿಂದಿರುತ್ತೇವೆ. ನಿಜದಲ್ಲಿ ಉಳಿದಿರುವುದು ಒಂದೇ. ನೂರರಲ್ಲಿ ಒಂದು ಸಂಭವವೂ ನೂರರಲ್ಲಿ ಒಂದು ಸಂಭವವೂ ಸೇರಿ ಹತ್ತು ಸಾವಿರದಲ್ಲಿ ಒಂದಾಗುತ್ತದೆ ಎಂಬ ಕಾಗದದ ಲೆಕ್ಕ ನಿಲ್ಲುವುದು ಎರಡನ್ನೂ ಆಗಾಗ ಪರೀಕ್ಷಿಸಿದರೆ ಮಾತ್ರ. ಪರೀಕ್ಷೆ ಕಷ್ಟದ್ದಲ್ಲ. ರಜೆಯ ಒಂದು ಬೆಳಿಗ್ಗೆ ಒಂದು ಹೀಟರನ್ನು ಮಾತ್ರ ಬಿಟ್ಟು ಇನ್ನೊಂದರ ಪ್ಲಗ್ ತೆಗೆಯಿರಿ. ಕಂಟ್ರೋಲರನ್ನು 31ಕ್ಕೆ ಏರಿಸಿ. ನೀರು ಮೆಲ್ಲಗೆ ಏರಿ 29.5ರ ಆಸುಪಾಸಿಗೆ ಬಂದಾಗ ಹೀಟರಿನ ಕೆಂಪು ದೀಪ ತಾನೇ ಆರಬೇಕು. ಆರಿದರೆ ಕಂಟ್ರೋಲರನ್ನು ಹಿಂದಕ್ಕೆ ತನ್ನಿ, ಮುಂದಿನ ರಜೆಗೆ ಎರಡನೆಯದನ್ನು ನೋಡಿ. 30 ದಾಟಿದರೂ ದೀಪ ಉರಿಯುತ್ತಿದ್ದರೆ ಆ ಹೀಟರ್ ಅಂದೇ ಮನೆಯಿಂದ ಹೊರಗೆ ಹೋಗಬೇಕು.

ಸೆನ್ಸರ್ ವಿಷಯದಲ್ಲಿ ನಾವು ತೋರುವ ಉದಾಸೀನವೂ ದುಬಾರಿಯಾದದ್ದು. ಸೆನ್ಸರಿನ ರಬ್ಬರ್ ಬಟ್ಟಲು ಕೆಲವು ತಿಂಗಳಿಗೆ ಗಡುಸಾಗಿ ಗಾಜನ್ನು ಬಿಡುತ್ತದೆ. ನೀರು ಬದಲಿಸುವಾಗ ವೈರು ಎಳೆದು ಸೆನ್ಸರ್ ಹೊರಗೆ ಬಿತ್ತೆಂದರೆ ಅದು 18 ಡಿಗ್ರಿಯ ಕೋಣೆಯನ್ನು ಓದುತ್ತದೆ, ‘ನೀರು ತಣ್ಣಗಿದೆ’ ಎಂದು ತಿಳಿದು ಹೀಟರನ್ನು ಉರಿಸುತ್ತಲೇ ಇರುತ್ತದೆ. ಕಂಟ್ರೋಲರಿನಲ್ಲಿ ಯಾವ ದೋಷವೂ ಇಲ್ಲದೆ ಮೀನು ಬೇಯುವ ದಾರಿ ಇದು. ಸೆನ್ಸರಿನೊಳಕ್ಕೆ ನೀರು ಜಿನುಗಿದರೆ ಆಗುವುದು ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಈ ಪೆಟ್ಟಿಗೆಗಳು ಬಳಸುವ ಸೆನ್ಸರಿನಲ್ಲಿ ಬಿಸಿ ಏರಿದಂತೆ ವಿದ್ಯುತ್ ರೋಧ ಇಳಿಯುತ್ತದೆ. ನೀರು ಸೇರಿದರೂ ರೋಧ ಇಳಿಯುತ್ತದೆ. ಕಂಟ್ರೋಲರ್ ಇರುವುದಕ್ಕಿಂತ ಹೆಚ್ಚು ಬಿಸಿ ತೋರಿಸಿ ಹೀಟರನ್ನು ಕಡಿಯುತ್ತದೆ. ವೈರು ತುಂಡಾದರೆ ಎಸ್‌ಟಿಸಿ-1000ರಂಥವು ದೋಷದ ಸಂಕೇತ ತೋರಿಸಿ ಕೆಲಸ ನಿಲ್ಲಿಸುತ್ತವೆ. ಈ ಎರಡೂ ತಣ್ಣಗಿನ ಕಡೆಯ ಕೇಡು, ಸಹಿಸಬಹುದು. ಸಹಿಸಲಾಗದ್ದು ಹೊರಗೆ ಜಾರುವುದು. ಆದ್ದರಿಂದ ವೈರನ್ನು ಟ್ಯಾಂಕಿನ ಅಂಚಿಗೆ ಕ್ಲಿಪ್ ಹಾಕಿ ಬಿಗಿಯಬೇಕು. ಸೆನ್ಸರನ್ನು ನೀರಿನ ಮೇಲ್ಮೈಯಿಂದ ಸಾಕಷ್ಟು ಆಳಕ್ಕೆ ಇಳಿಸಬೇಕು, ಅರ್ಧ ನೀರು ತೆಗೆದರೂ ಅದು ಮುಳುಗಿಯೇ ಇರುವಷ್ಟು.

ಸಂಪ್, ಅಂದರೆ ಟ್ಯಾಂಕಿನ ಕೆಳಗೆ ನೀರು ಸೋಸಲು ಇಡುವ ಎರಡನೆಯ ತೊಟ್ಟಿ, ಇದ್ದವರಿಗೆ ಇನ್ನೂ ಒಂದು ಮಾತು. ಹೀಟರ್‌ಗಳು ಕೆಳಗಿನ ಸಂಪಿನಲ್ಲಿ, ಸೆನ್ಸರ್ ಮೇಲಿನ ಟ್ಯಾಂಕಿನಲ್ಲಿ ಇಡುವ ಪದ್ಧತಿ ಕೆಲವರಲ್ಲಿದೆ. ಮೀನು ಇರುವಲ್ಲಿನ ಬಿಸಿಯನ್ನೇ ಅಳೆಯೋಣ ಎಂಬ ಯೋಚನೆ. ನೀರು ಮೇಲೆತ್ತುವ ಪಂಪು ನಿಂತರೆ ಏನಾಗುತ್ತದೆ ನೋಡಿ. ಮೇಲಿನ ನೀರು ತಣಿಯುತ್ತ ಹೋಗುತ್ತದೆ, ಸೆನ್ಸರ್ ಇನ್ನಷ್ಟು ಬಿಸಿ ಕೇಳುತ್ತದೆ, ಕೆಳಗಿನ ಸಂಪಿನ 60–70 ಲೀಟರ್ ನೀರು ಒಂದೇ ಸಮನೆ ಕಾಯುತ್ತದೆ. ಪಂಪು ಮತ್ತೆ ಶುರುವಾದಾಗ ಆ ಬಿಸಿನೀರೆಲ್ಲ ಮೇಲಕ್ಕೆ ನುಗ್ಗುತ್ತದೆ. ಹೀಟರ್ ಎಲ್ಲಿಯೋ ಸೆನ್ಸರ್ ಅಲ್ಲಿಯೇ ಇರಬೇಕು. ಆಗ ಪಂಪು ನಿಂತರೆ ಸಂಪು ಬೇಗ 28 ಮುಟ್ಟಿ ಹೀಟರ್ ಆರುತ್ತದೆ, ಮೇಲಿನ ಟ್ಯಾಂಕು ನಿಧಾನವಾಗಿ ತಣಿಯುತ್ತದೆ. ಸಂಪಿನಲ್ಲಿ ಆವಿಯಿಂದ ನೀರು ಇಳಿಯುವುದು ಪಂಪಿನ ಕೋಣೆಯಲ್ಲಿ; ಹೀಟರನ್ನು ಅಲ್ಲಿ ನಿಲ್ಲಿಸದೆ, ಮಟ್ಟ ಬದಲಾಗದ ಕೋಣೆಯಲ್ಲಿ ತಳಕ್ಕೆ ಅಡ್ಡವಾಗಿ ಮಲಗಿಸುವುದು ಸರಿ. ನೀರಿನಿಂದ ಹೊರಗುಳಿದು ಕಾದ ಗಾಜಿಗೆ ತಣ್ಣೀರು ಬಿದ್ದರೆ ಅದು ಒಡೆಯಲು ಮತ್ತೇನೂ ಬೇಕಿಲ್ಲ.

ರಿಲೇಯ ಆಯುಷ್ಯ ನಾವು ಇಡುವ ಅಂತರದ ಮೇಲೆ ನಿಂತಿದೆ. ಅಂತರ ಎಂದರೆ ಎಷ್ಟು ಇಳಿದಾಗ ಹೀಟರ್ ಮತ್ತೆ ಹೊತ್ತಬೇಕು ಎಂಬುದು. ಸಾಮಾನ್ಯ ರಿಲೇಗಳು ಪೂರ್ಣ ಹೊರೆಯಲ್ಲಿ ಸುಮಾರು 1 ಲಕ್ಷ ಸಲ ಕೆಲಸ ಮಾಡುವಂತೆ ತಯಾರಾಗಿರುತ್ತವೆ. 0.5 ಡಿಗ್ರಿ ಅಂತರ ಇಟ್ಟರೆ ನಮ್ಮ ಟ್ಯಾಂಕಿನಲ್ಲಿ ಒಮ್ಮೆ ಕಾದು ತಣಿಯಲು ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ದಿನಕ್ಕೆ ಹತ್ತು ಸಲ, ವರ್ಷಕ್ಕೆ ಮೂರು ಸಾವಿರದ ಚಿಲ್ಲರೆ. 0.1 ಡಿಗ್ರಿಯ ನಿಖರತೆ ಬೇಕೆಂದು ಹಟ ಹಿಡಿದರೆ ಇದು ಐದು ಪಟ್ಟಾಗುತ್ತದೆ. ಮೀನಿಗೆ ಅರ್ಧ ಡಿಗ್ರಿಯ ಏರಿಳಿತ ಏನೂ ಅಲ್ಲ. ದೊಡ್ಡ ನೀರಿನ ದೊಡ್ಡ ಗುಣವೇ ಅದರ ನಿಧಾನ. ಆ ಗುಣವನ್ನು ಬಳಸಿಕೊಳ್ಳಬೇಕು. ಕಂಟ್ರೋಲರಿನ ಮೇಲೆ 10 ಆಂಪಿಯರ್ ಎಂದು ಬರೆದಿದ್ದರೆ ಲೆಕ್ಕಕ್ಕೆ 2300 ವ್ಯಾಟ್ ಬರುತ್ತದೆ. ಅಗ್ಗದ ಪೆಟ್ಟಿಗೆಯಿಂದ ಅದರ ಅರ್ಧಕ್ಕಿಂತ ಹೆಚ್ಚು ಕೇಳಬಾರದು. ಪಾಯಿಂಟೇ ಇಲ್ಲದ ಸಾಲಿಡ್ ಸ್ಟೇಟ್ ರಿಲೇ ಶಬ್ದ ಮಾಡುವುದಿಲ್ಲ, ಸವೆಯುವುದಿಲ್ಲ, ನಿಜ. ಆದರೆ ಅದು ಕೆಟ್ಟಾಗ ಹೆಚ್ಚಾಗಿ ಕೂಡಿಕೊಂಡೇ ಕೆಡುತ್ತದೆ, ಅಂದರೆ ಹೀಟರ್ ಉರಿಯುತ್ತಲೇ ಇರುತ್ತದೆ. ತಣ್ಣಗೆ ಕೆಡಲಿ ಎಂಬ ನಮ್ಮ ಸೂತ್ರಕ್ಕೆ ಅದು ನೇರ ವಿರುದ್ಧ.

ಕಂಟ್ರೋಲರ್ ತೋರಿಸುವ ಅಂಕಿ ಸತ್ಯವೆಂದು ತಿಳಿಯುವ ಮೊದಲು ಅದನ್ನು ಅಳೆಯಬೇಕು. ಎಸ್‌ಟಿಸಿ-1000ರ ತಯಾರಿಕೆಯಲ್ಲೇ 1 ಡಿಗ್ರಿ ಹೆಚ್ಚು ಕಡಿಮೆಗೆ ಅವಕಾಶವಿದೆ. ಅಳೆಯಲು ಪ್ರಯೋಗಾಲಯ ಬೇಕಿಲ್ಲ. ಸ್ಟೀಲ್ ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸ್ವಲ್ಪ ನೀರು ಬೆರೆಸಿ, ಚೆನ್ನಾಗಿ ಕದಡಿ ಸೆನ್ಸರ್ ಇಳಿಸಿ: 0 ತೋರಿಸಬೇಕು. ಇನ್ನೊಂದು ಲೋಟದಲ್ಲಿ ಉಗುರುಬೆಚ್ಚಗಿನ ನೀರು, ಅದರಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿ ಮತ್ತು ಸೆನ್ಸರ್ ಒಟ್ಟಿಗೆ: 37ರ ಆಸುಪಾಸಿನಲ್ಲಿ ಎರಡೂ ಒಂದೇ ಹೇಳಬೇಕು. ಮನೆಯಲ್ಲಿರುವ ಉಷ್ಣಮಾಪಕಗಳಲ್ಲಿ ಆ ಬಿಸಿಯ ಮಟ್ಟಿಗೆ ಅದರಷ್ಟು ನಂಬಿಕಸ್ಥ ಇನ್ನೊಂದಿಲ್ಲ. 0ರಲ್ಲಿ ಮತ್ತು 37ರಲ್ಲಿ ಎಷ್ಟೆಷ್ಟು ತಪ್ಪು ತೋರಿಸುತ್ತದೆ ಎಂದು ತಿಳಿದರೆ 28ರಲ್ಲಿ ಎಷ್ಟು ತಿದ್ದಬೇಕೆಂದು ಅಂದಾಜಾಗುತ್ತದೆ. ತಿದ್ದಲು ಕಂಟ್ರೋಲರಿನಲ್ಲೇ ಅನುಕೂಲವಿದೆ. ಇಷ್ಟಾದ ಮೇಲೂ ಟ್ಯಾಂಕಿನಲ್ಲಿ ಒಂದು ಸಾದಾ ಗಾಜಿನ ಥರ್ಮಾಮೀಟರ್ ಇರಲಿ. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಕಂಟ್ರೋಲರ್ ಸುಳ್ಳು ಹೇಳಿದರೆ ಹಿಡಿದುಕೊಡುವುದು ಅದೇ.

ಕರೆಂಟಿನ ವಿಷಯಕ್ಕೆ ಬಂದರೆ ನಮ್ಮ ಕಷ್ಟಗಳು ಬೇರೆಯೇ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟಿಗೆ 300 ವ್ಯಾಟ್ ಕೊಡುವುದು 180 ವೋಲ್ಟಿಗೆ ಇಳಿದಾಗ ಕೊಡುವುದು 184 ವ್ಯಾಟ್ ಮಾತ್ರ. 260ಕ್ಕೆ ಏರಿದರೆ 380 ದಾಟುತ್ತದೆ. ವೋಲ್ಟೇಜ್ ಕುಸಿಯುವ ಊರಿನಲ್ಲಿರುವವರು ಅಳೆದ ವ್ಯಾಟಿಗೆ ಸ್ವಲ್ಪ ಸೇರಿಸಿಕೊಳ್ಳಬೇಕು. ಕರೆಂಟು ಹೋದಾಗ ಹೀಟರನ್ನು ಇನ್ವರ್ಟರಿಗೆ ಹಾಕಬೇಡಿ. ಎರಡು ಹೀಟರ್ ಸೇರಿ ಮನೆಯ ಬ್ಯಾಟರಿಯನ್ನು ಮೂರು ಗಂಟೆಯೊಳಗೆ ಬರಿದು ಮಾಡುತ್ತವೆ. ಇನ್ವರ್ಟರ್ ಇರಬೇಕಾದದ್ದು ಏರ್ ಪಂಪಿಗೆ. ಮೂರು ಗಂಟೆ ಕರೆಂಟಿಲ್ಲದಿದ್ದರೆ ನಮ್ಮ ಟ್ಯಾಂಕು ಇಳಿಯುವುದು ಹೆಚ್ಚೆಂದರೆ ಒಂದೂವರೆ ಡಿಗ್ರಿ. ಅದಕ್ಕೂ ಆತಂಕವಾದರೆ ಗಾಜಿಗೆ ಒಂದು ಕಂಬಳಿ ಹೊದಿಸಿದರಾಯಿತು. ಉಸಿರಿಗೆ ಗಾಳಿ ನಿಲ್ಲುವುದೇ ಹೆಚ್ಚು ಅಪಾಯದ್ದು. ಕೆಲವು ಡಿಜಿಟಲ್ ಹೀಟರ್‌ಗಳು ಕರೆಂಟು ಹೋಗಿ ಬಂದ ಮೇಲೆ ನಾವು ಇಟ್ಟ ಅಂಕಿ ಮರೆತು ತಮ್ಮ ಮೂಲ ಅಂಕಿಗೆ ಮರಳುತ್ತವೆ. ಕೊಂಡ ದಿನವೇ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಬೇಕು.

ಮೀನಿಗಿಂತ ಮನುಷ್ಯರ ಜೀವ ದೊಡ್ಡದು. ನಮ್ಮಲ್ಲಿ ಮಾರುವ ಎಷ್ಟೋ ಹೀಟರ್‌ಗಳಿಗೆ ಎರಡೇ ಪಿನ್, ಅರ್ಥಿಂಗ್ ಇಲ್ಲ. ಆಸ್ಕರ್, ಫ್ಲವರ್‌ಹಾರ್ನ್, ಅರೋವಾನಾದಂಥ ಮೀನು ಬಾಲದಿಂದ ಒಮ್ಮೆ ಬಡಿದರೆ ಗಾಜು ಒಡೆದು 230 ವೋಲ್ಟು ನೇರ ನೀರಿಗೆ ಬರುತ್ತದೆ. ಆ ನೀರಿಗೆ ಕೈ ಇಡುವುದು ನಾವೋ ನಮ್ಮ ಮಕ್ಕಳೋ. ಮನೆಯ ಎಂಸಿಬಿ ಇದರಿಂದ ಕಾಪಾಡುವುದಿಲ್ಲ. ಅದು ವೈರು ಸುಡದಂತೆ ನೋಡಿಕೊಳ್ಳಲು ಇರುವುದು. ಕಾಪಾಡುವುದು 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುವ ಆರ್‌ಸಿಸಿಬಿ. ಅದಿಲ್ಲದೆ ದೊಡ್ಡ ಅಕ್ವೇರಿಯಂ ಇಡಲೇಬಾರದು ಎನ್ನುವಷ್ಟು ಖಚಿತವಾಗಿ ನಾನು ಇದನ್ನು ಹೇಳುತ್ತೇನೆ. ಹೀಟರಿಗೆ ಒಂದು, ಪಂಪುಗಳಿಗೆ ಒಂದು ಎಂದು ಬೇರೆ ಬೇರೆ ಹಾಕಿಸಿದರೆ ಹೀಟರ್ ಸೋರಿ ಒಂದು ಬಿದ್ದರೂ ನೀರಿನ ಓಟ ನಿಲ್ಲದು. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಒಮ್ಮೆ ಇಳಿದು ಮತ್ತೆ ಮೇಲೇರಿ ಸಾಕೆಟ್ಟು ಸೇರಬೇಕು. ಆಗ ವೈರಿನ ಮೇಲೆ ಹರಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ. ದೊಡ್ಡ, ಬಲವಾದ ಮೀನುಗಳಿರುವಲ್ಲಿ ಗಾಜಿಗಿಂತ ಟೈಟಾನಿಯಂ ಹೀಟರ್ ಮೇಲು. ಅದು ಒಡೆಯುವುದಿಲ್ಲ, ಉಪ್ಪುನೀರಿಗೂ ಜಗ್ಗುವುದಿಲ್ಲ. ಆದರೆ ಅನೇಕ ಟೈಟಾನಿಯಂ ಹೀಟರ್‌ಗಳಲ್ಲಿ ಸ್ವಂತ ಥರ್ಮೋಸ್ಟಾಟ್ ಇರುವುದಿಲ್ಲ. ಅಂಥದ್ದಕ್ಕೆ ಒಂದರ ಹಿಂದೆ ಒಂದರಂತೆ ಎರಡು ಕಂಟ್ರೋಲರ್ ಹಾಕಬೇಕು: ಮೊದಲನೆಯದು 29.5ಕ್ಕೆ, ಎರಡನೆಯದು 28ಕ್ಕೆ.

ಬೋರ್‌ವೆಲ್ ನೀರು ಬಳಸುವವರು ಹೀಟರಿನ ಮೈಗೆ ಕಟ್ಟುವ ಬಿಳಿ ಪದರವನ್ನು ನೋಡಿರುತ್ತಾರೆ. ಆ ಸುಣ್ಣ ಬಿಸಿಯನ್ನು ನೀರಿಗೆ ಬಿಡದೆ ಒಳಗೇ ತಡೆಯುತ್ತದೆ, ಗಾಜು ಅತಿಯಾಗಿ ಕಾಯುತ್ತದೆ. ಪ್ಲಗ್ ತೆಗೆದು, ಪೂರ್ತಿ ತಣಿದ ಮೇಲೆ ನಿಂಬೆರಸವೋ ವಿನೆಗರೋ ಸವರಿ ತೊಳೆದರೆ ಹೋಗುತ್ತದೆ. ಚೆನ್ನಾಗಿ ಓಡುತ್ತಿದ್ದರೂ ಮೂರು ವರ್ಷವಾದ ಹೀಟರನ್ನು ಬದಲಿಸುವುದು ಒಳ್ಳೆಯದು, ಅದೂ ಎರಡನ್ನೂ ಒಂದೇ ಸಲ ಬದಲಿಸದೆ ವರ್ಷ ಬಿಟ್ಟು ವರ್ಷ. ಒಂದೇ ದಿನ ಕೊಂಡ ಎರಡು ಒಂದೇ ಕಾಲಕ್ಕೆ ಮುಪ್ಪಾಗುತ್ತವೆ. ಇನ್ನು ಫೋನಿಗೆ ಸುದ್ದಿ ಕಳಿಸುವ ವೈಫೈ ಕಂಟ್ರೋಲರ್‌ಗಳು. ಊರಿಗೆ ಹೋದಾಗ ಎಚ್ಚರಿಕೆ ಕೊಡಲು ಅವು ಉಪಯುಕ್ತ. ಆದರೆ ಹೀಟರ್ ಆರಿಸುವ ನಿರ್ಧಾರ ಗೋಡೆಯ ಮೇಲಿನ ಪೆಟ್ಟಿಗೆಯಲ್ಲೇ ಆಗಬೇಕು, ಎಲ್ಲೋ ಇರುವ ಸರ್ವರಿನಲ್ಲಲ್ಲ. ಇಂಟರ್ನೆಟ್ ಇಲ್ಲದ ರಾತ್ರಿಯೂ ನೀರು 28ರಲ್ಲಿ ನಿಲ್ಲಬೇಕು.

ಕೈಯಲ್ಲಿ ಹಣ ಕಡಿಮೆಯಿದ್ದರೆ ಯಾವುದನ್ನು ಮೊದಲು ಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲು ಆರ್‌ಸಿಸಿಬಿ, ಆಮೇಲೆ ಒಂದು ದೊಡ್ಡ ಹೀಟರಿನ ಬದಲು ಎರಡು ಸಣ್ಣವು, ಆಮೇಲೆ ಒಂದು ಸಾದಾ ಕಂಟ್ರೋಲರ್. ಹೆಸರುವಾಸಿ ಹೀಟರಿಗೆ ಕೊಡುವ ಹೆಚ್ಚುವರಿ ಹಣ ಇವೆಲ್ಲದರ ನಂತರದ್ದು. ಅಂಗಡಿಯವರಲ್ಲಿ ಒಂದು ಕೋರಿಕೆಯೂ ಇದೆ: ಐದಡಿಯ ಟ್ಯಾಂಕು ಕೊಳ್ಳಲು ಬಂದವರ ಕೈಗೆ 500 ವ್ಯಾಟಿನ ಒಂದು ಹೀಟರ್ ಕೊಟ್ಟು ಕಳಿಸಬೇಡಿ, 250ರ ಎರಡು ಕೊಡಿ, ಯಾಕೆಂದು ಎರಡು ಮಾತಿನಲ್ಲಿ ಹೇಳಿ. ಮನೆಯಲ್ಲಿ ಈಗಾಗಲೇ ದೊಡ್ಡ ಟ್ಯಾಂಕು ಇಟ್ಟಿರುವವರು ಬರುವ ಭಾನುವಾರ ಕಂಟ್ರೋಲರನ್ನು ಮೂರು ಡಿಗ್ರಿ ಏರಿಸಿ, ಪಕ್ಕದಲ್ಲೇ ಕೂತು, ಹೀಟರ್ ತಾನಾಗಿ ಆರುತ್ತದೆಯೇ ನೋಡಿ. ಚಳಿಗಾಲ ಶುರುವಾಗುವ ಮೊದಲು ಆಗಬೇಕಾದ ಕೆಲಸ ಅದು.